‘ನೋಡು’ ಎಂಬ ಕ್ರಿಯಾಪದ: ‘ಶ್ವಾಸ’ ಚಿತ್ರದ ನೆಲೆಯಲ್ಲಿ

ಸಂದೀಪ ಸಾವಂತ ನಿರ್ದೇಶನದ ಮರಾಠಿ ಚಿತ್ರ ‘ಶ್ವಾಸ’ 2004ರಲ್ಲಿ ತೆರೆಕಂಡಿತು, ರಾಷ್ಟ್ರಪ್ರಶಸ್ತಿಗೂ ಪಾತ್ರವಾಯಿತು. ಕೊಂಕಣದ ಅಜ್ಜನೊಬ್ಬನು ಮೊಮ್ಮಗ ಪರಶುರಾಮನನ್ನು ನಗರದ ಆಸ್ಪತ್ರೆಗೆ ಕರೆತರುತ್ತಾನೆ. ಬಾಲಕನಿಗಿರುವುದು ರೆಟಿನೋಬ್ಲಾಸ್ಟೋಮಾ, ಎಳೆಯ ಮಕ್ಕಳಿಗೇ ಹೆಚ್ಚಾಗಿ ಬರುವ, ಅಕ್ಷಿಪಟಲದ ವಿರಳ ಕ್ಯಾನ್ಸರ್. ಜೀವ ಉಳಿಯಬೇಕಾದರೆ ದೃಷ್ಟಿಯನ್ನು ಬಿಟ್ಟುಕೊಡಬೇಕು. ಈ ಸತ್ಯವನ್ನು ಮಗುವಿಗೆ ಹೇಳುವವರಾರು, ಯಾವ ಮಾತಿನಲ್ಲಿ? ಕಥೆಯ ಬಿಕ್ಕಟ್ಟು ಇದೇ. ಶಸ್ತ್ರಚಿಕಿತ್ಸೆ ಮುಂದೆ ಹೋದಾಗ ಅಜ್ಜನು ಯಾರಿಗೂ ತಿಳಿಸದೆ ಮೊಮ್ಮಗನನ್ನು ಹೊರಗೆ ಕರೆದೊಯ್ದು, ಕಣ್ಣಿರುವಷ್ಟು ಹೊತ್ತು ಲೋಕವನ್ನು ತೋರಿಸುತ್ತಾನೆ.

ಇಲ್ಲಿ ಭಾಷೆಯ ಅಭ್ಯಾಸಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಕನ್ನಡದಲ್ಲಿ ‘ನೋಡು’ ಕಣ್ಣಿನ ಕ್ರಿಯೆಯಷ್ಟೇ ಅಲ್ಲ. ಮುಟ್ಟಿ ನೋಡು, ಕೇಳಿ ನೋಡು, ಮೂಸಿ ನೋಡು, ಉಂಡು ನೋಡು ಎಂಬಲ್ಲಿ ಅದು ಸಹಾಯಕ ಕ್ರಿಯಾಪದವಾಗಿ ‘ಅನುಭವಿಸಿ ಅರಿ’ ಎಂಬ ಅರ್ಥವನ್ನು ಕೊಡುತ್ತದೆ. ಮರಾಠಿಯ ‘ಬಘಣೆ’ಯೂ ಹೀಗೆಯೇ ವರ್ತಿಸುತ್ತದೆ.

ಅಂಧ ಮಗುವಿನೆದುರು ಮನೆಯವರು ‘ನೋಡು’ ಎನ್ನಲು ಅಂಜಿ ಮೌನವಾಗುವುದುಂಟು. ಆ ಮೌನವು ಮಗುವನ್ನು ಮಾತಿನಿಂದಲೂ ಹೊರಗಿರಿಸುತ್ತದೆ. ವ್ಯಾಕರಣವು ಕಳೆದ ದೃಷ್ಟಿಯನ್ನು ಮರಳಿ ಕೊಡಲಾರದು, ದುಃಖವನ್ನೂ ಕಿರಿದಾಗಿಸದು. ಆದರೆ ಆಡುನುಡಿಯು ಆ ಮಗುವಿಗೂ ‘ನೋಡು’ವ ಹಕ್ಕನ್ನು ಮೊದಲೇ ಕೊಟ್ಟಿದೆ.

ಅಭ್ಯಾಸ: ನಿಮ್ಮ ಮನೆಮಾತಿನಿಂದ ‘ನೋಡು’ ಸಹಾಯಕ ಕ್ರಿಯಾಪದವಾಗಿರುವ ಹತ್ತು ವಾಕ್ಯಗಳನ್ನು ಸಂಗ್ರಹಿಸಿರಿ. ಅವುಗಳಲ್ಲಿ ಕಣ್ಣಿನ ನೆರವು ಬೇಡದವು ಎಷ್ಟೆಂಬುದನ್ನು ಗುರುತಿಸಿರಿ.