ಕುವೈತ್‌ನಲ್ಲಿ ಎದೆ ಡವಡವ: ಪುಡಿ, ಮಾತ್ರೆಗೂ ಮೊದಲು ನಿದ್ದೆ ಸರಿಪಡಿಸಿ

ಅಬ್ಬಾಸಿಯಾದ ಒಂದು ಕೋಣೆ. ನಾಲ್ಕು ಮಂಚ, ಒಂದೇ ಎ.ಸಿ. ಬೆಳಗಿನ ಜಾವ 4ಕ್ಕೆ ದಿಂಬಿನಡಿ ಫೋನು ಗುಂಯ್ಗುಡುತ್ತದೆ. ಊರಲ್ಲಿ ಆಗ ಆರೂವರೆ. ಅಮ್ಮ ಕಾಫಿ ಕುಡಿದು ಮಗನನ್ನು ಮಾತಾಡಿಸಲು ಕೂತಿದ್ದಾರೆ. ಮಗನಿಗೋ ಕಣ್ಣು ಬಿಡುವ ಮೊದಲೇ ಎದೆ ಹೊಡೆದುಕೊಳ್ಳುತ್ತದೆ, ಮನೆಯಲ್ಲಿ ಏನಾಯಿತೋ ಎಂದು.

ಆ ಬಡಿತ ಏರಿಸುವ ಅಡ್ರಿನಲಿನ್‌, ಮೈಯನ್ನು ಎಚ್ಚರವಾಗಿಡುವ ಕಾರ್ಟಿಸಾಲ್‌ ಎರಡೂ ಬರುವುದು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್‌ ಗ್ರಂಥಿಗಳಿಂದ. ಕಾರ್ಟಿಸಾಲ್‌ ಬೆಳಿಗ್ಗೆ ಏರಿ ನಡುರಾತ್ರಿಗೆ ಇಳಿಯಬೇಕು. ‘ಅಡ್ರಿನಲ್‌ ದಣಿದಿದೆ’ ಎಂದು ಪುಡಿ ಮಾರುವವರನ್ನು ನಂಬಬೇಡಿ, ವೈದ್ಯಶಾಸ್ತ್ರ ಅಂಥ ಕಾಯಿಲೆಯನ್ನು ಒಪ್ಪಿಲ್ಲ. ದಿನಚರಿ ಸರಿಪಡಿಸಿದರೆ ಆತಂಕ ಬಹುಮಟ್ಟಿಗೆ ಹಗುರಾಗುತ್ತದೆ.

ಮೊದಲು ನಿದ್ದೆ. ರಜೆಯ ಶುಕ್ರವಾರವೂ ಒಂದೇ ಹೊತ್ತಿಗೆ ಏಳಿ. ಮನೆಯವರೊಂದಿಗೆ ಮಾತಾಡುವ ಸಮಯ ಗೊತ್ತು ಮಾಡಿಕೊಳ್ಳಿ: ಕುವೈತ್‌ನ ಸಂಜೆ 6 ಎಂದರೆ ಊರಲ್ಲಿ ಎಂಟೂವರೆ, ಇಬ್ಬರಿಗೂ ಅನುಕೂಲ. ತುರ್ತಿದ್ದರೆ ಮಾತ್ರ ರಾತ್ರಿ ಕರೆ ಮಾಡಿ ಎಂದು ಮನೆಯವರಿಗೆ ಬಿಡಿಸಿ ಹೇಳಿ. ಅಮ್ಮ ಬೇಸರಪಡುವುದಿಲ್ಲ.

ಎರಡನೆಯದು ಬೆಳಕು. ಜೂನ್‌ನಲ್ಲಿ ಇಲ್ಲಿ ಐದಕ್ಕೆ ಮೊದಲೇ ಸೂರ್ಯ ಹುಟ್ಟುತ್ತಾನೆ. ಆರರೊಳಗೆ ಹದಿನೈದು ನಿಮಿಷ ಹೊರಗೆ ನಡೆಯಿರಿ. ಆಮೇಲೆ ಸಾಹಸ ಬೇಡ. 2016ರ ಜುಲೈಯಲ್ಲಿ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ನಾಡಿದು.

ಚಹಾ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ಮೈಯಲ್ಲಿರುತ್ತದೆ. ಕರಕ್‌ ಆಗಲಿ, ಸುಲೈಮಾನಿ ಆಗಲಿ, ಮಧ್ಯಾಹ್ನ 2ರ ನಂತರ ಬೇಡ. ಎನರ್ಜಿ ಡ್ರಿಂಕ್‌ ಅಂತೂ ಬೇಡವೇ ಬೇಡ. ಸೆಖೆಯಲ್ಲಿ ಮೈಯ ನೀರಿನಂಶ ಆರಿದರೂ ಎದೆ ಡವಗುಟ್ಟುತ್ತದೆ. ಅದನ್ನೇ ಆತಂಕವೆಂದು ಭಾವಿಸುವವರು ಬಹಳ. ನೀರು, ಅಂಗಡಿಯಲ್ಲಿ ಸಿಗುವ ಲಬನ್‌ (ನಮ್ಮ ಮಜ್ಜಿಗೆಯೇ), ಕುಚ್ಚಲಕ್ಕಿ ಗಂಜಿ ಒಳ್ಳೆಯದು. ಬೆಳಗಿನ ತಿಂಡಿ ಬಿಟ್ಟು ಕೆಲಸಕ್ಕೆ ಓಡಬೇಡಿ.

ಗಾಬರಿ ಬಂದ ಕ್ಷಣ ಕೂತುಕೊಳ್ಳಿ. ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ಬಿಡಿ. ಐದು ನಿಮಿಷ ಸಾಕು. ಸಾಲ, ಇಕಾಮಾ (ವಾಸದ ಪರವಾನಗಿ), ಮಕ್ಕಳ ಫೀಸು ತಲೆ ತಿನ್ನುತ್ತಿದ್ದರೆ ಮಲಗುವ ಮುನ್ನ ಕಾಗದದ ಮೇಲೆ ಬರೆದಿಡಿ, ರಾತ್ರಿ ಅದೇ ಸುತ್ತುವುದು ತಪ್ಪುತ್ತದೆ. ವಾರಕ್ಕೊಮ್ಮೆ ಕನ್ನಡ ಮಾತಾಡುವವರ ಜೊತೆ ಕೂತು ಊಟ ಮಾಡಿ. ಇದನ್ನೂ ಔಷಧವೆಂದೇ ಎಣಿಸುತ್ತೇನೆ.

ಅಶ್ವಗಂಧ ‘ನೈಸರ್ಗಿಕ’ವಾದರೂ ಯಕೃತ್ತಿಗೆ ಹಾನಿಯಾದ ವರದಿಗಳಿವೆ, ಥೈರಾಯ್ಡ್‌ ಮಾತ್ರೆ ನುಂಗುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಊರಿಂದ ನಿದ್ದೆಮಾತ್ರೆ ತರಿಸಬೇಡಿ. ಇಂಥ ಮಾತ್ರೆಗಳ ಮೇಲೆ ಕುವೈತ್‌ ಕಾನೂನು ಬಿಗಿ. ಬೇರೆಯವರು ಕೊಟ್ಟ ಪೊಟ್ಟಣ ಹೊತ್ತು ತಂದವರೂ ಸಿಕ್ಕಿಬೀಳಬಹುದು.

ಅಡ್ರಿನಲ್‌ಗೆ ನಿಜವಾದ ಕಾಯಿಲೆಯೂ ಉಂಟು. ವೈದ್ಯ ಥಾಮಸ್‌ ಅಡಿಸನ್‌ 1855ರಲ್ಲೇ ವಿವರಿಸಿದ್ದು ಅದನ್ನೇ. ತೂಕ ಇಳಿಯುವುದು, ಚರ್ಮ ಕಪ್ಪಾಗುವುದು, ಎದ್ದು ನಿಂತರೆ ತಲೆಸುತ್ತು, ಉಪ್ಪಿನ ಚಪಲ ಕಂಡರೆ ರಕ್ತಪರೀಕ್ಷೆ ಮಾಡಿಸಿ. ಅಸ್ತಮಾಕ್ಕೋ ಸಂಧಿವಾತಕ್ಕೋ ಬಹುಕಾಲದಿಂದ ಸ್ಟೀರಾಯ್ಡ್‌ ಮಾತ್ರೆ ತಿನ್ನುವವರು ಒಮ್ಮೆಗೇ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು, ಸಾಯುವ ಯೋಚನೆ, ಇವುಗಳಲ್ಲಿ ಯಾವುದಿದ್ದರೂ ಬೆಳಗಾಗಲೆಂದು ಕಾಯಬೇಡಿ. ಪಕ್ಕದ ಮಂಚದವರನ್ನು ಎಬ್ಬಿಸಿ, 112ಕ್ಕೆ ಕರೆ ಮಾಡಿ.