ಬಂದ ಒಲಿಂಪಿಕ್ಸನ್ನೇ ವಾಪಸ್ ಕಳಿಸಿದ ಊರು

ಪ್ರಶ್ನೆ: ಒಲಿಂಪಿಕ್ಸ್, ವಿಶ್ವಕಪ್‌ನಂಥ ಕೂಟ ತಮ್ಮ ಊರಿಗೆ ಬರುತ್ತದೆ ಎಂದರೆ ಯಾರಿಗೆ ತಾನೆ ಬೇಡ? ಆದರೂ ಕೆಲವು ದೇಶಗಳಲ್ಲಿ ಜನ ಬೀದಿಗಿಳಿದು ವಿರೋಧಿಸುತ್ತಾರಂತೆ. ಏಕೆ? ಸಿಕ್ಕ ಅವಕಾಶವನ್ನು ಜನರೇ ಒಲ್ಲೆ ಎಂದದ್ದು ಉಂಟೇ?
— ಓದುಗರೊಬ್ಬರು, ತಿಪಟೂರು

ಉತ್ತರ: ಉಂಟು. ಒಲಿಂಪಿಕ್ಸ್ ಕೈಗೆ ಸಿಕ್ಕಿದ ಮೇಲೆ ಮತ ಹಾಕಿ ಅದನ್ನು ವಾಪಸ್ ಕಳಿಸಿದ ಊರು ಈವರೆಗೆ ಒಂದೇ, ಅಮೆರಿಕದ ಡೆನ್ವರ್.

1970ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 1976ರ ಚಳಿಗಾಲದ ಒಲಿಂಪಿಕ್ಸನ್ನು ಡೆನ್ವರ್‌ಗೆ ಕೊಟ್ಟಿತು. ಡೆನ್ವರ್ ಕೊಲರಾಡೊ ರಾಜ್ಯದ ರಾಜಧಾನಿ. 1976 ಎಂದರೆ ಅಮೆರಿಕದ ಸ್ವಾತಂತ್ರ್ಯಕ್ಕೆ ಇನ್ನೂರು ವರ್ಷ, ಕೊಲರಾಡೊ ರಾಜ್ಯವಾಗಿ ನೂರು ವರ್ಷ. ಎರಡು ಹಬ್ಬದ ಜೊತೆ ಮೂರನೆಯದೂ ಕೂಡಿಬಂತೆಂದು ಊರ ದೊಡ್ಡವರು ಹಿಗ್ಗಿದರು. ಆಮೇಲೆ ಜನ ಕಾಗದಪತ್ರ ತೆಗೆದು ನೋಡತೊಡಗಿದರು.

ಸ್ಕೀಯಿಂಗ್ ನಡೆಯಬೇಕಿದ್ದ ಸ್ನಿಕ್ಟೌ ಬೆಟ್ಟದಲ್ಲಿ ಸಾಕಷ್ಟು ಹಿಮವೇ ಬೀಳುತ್ತಿರಲಿಲ್ಲ. ಸಮಿತಿಗೆ ಒಪ್ಪಿಸಿದ್ದ ಚಿತ್ರದಲ್ಲಿ ಹಿಮವನ್ನು ಬಣ್ಣ ಹಚ್ಚಿ ಕೂರಿಸಿದ್ದರು! ಹೆಣ್ಣು ತೋರಿಸುವಾಗಿನ ಫೋಟೊ ಒಂದು, ಮಂಟಪಕ್ಕೆ ಬಂದದ್ದು ಇನ್ನೊಂದು ಎಂಬ ಕತೆ ನಮ್ಮಲ್ಲಿಲ್ಲವೇ, ಹಾಗಾಯಿತು. ಇನ್ನು ಕೆಲವು ಪಂದ್ಯಗಳನ್ನು ಡೆನ್ವರ್ ಪಕ್ಕದ ಎವರ್‌ಗ್ರೀನ್ ಎಂಬ ಬೆಟ್ಟದೂರಲ್ಲಿ ನಡೆಸುವುದೆಂದು ಗೊತ್ತುಮಾಡಿದ್ದರು. ಆ ವಿಷಯ ಅಲ್ಲಿಯ ನಿವಾಸಿಗಳ ಕಿವಿಗೆ ಬಿದ್ದದ್ದು ಎಲ್ಲ ಮುಗಿದ ಮೇಲೆ. ತಮ್ಮ ಮನೆಯ ಹಿತ್ತಲಲ್ಲಿ ಸ್ಕೀ ಓಟದ ದಾರಿ ಹಾದುಹೋಗುವುದು ಅವರಿಗೆ ಹಿಡಿಸಲಿಲ್ಲ. ಪಂದ್ಯದ ಜಾಗಗಳು ದೂರದೂರದ ಬೆಟ್ಟಗಳಿಗೆ ಹೋದವು, ಖರ್ಚು ಏರಿತು. 1.4 ಕೋಟಿ ಡಾಲರ್ ಸಾಕು ಎಂದಿದ್ದವರು ಎರಡು ವರ್ಷದಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚಿನ ಮೊತ್ತ ಹೇಳತೊಡಗಿದರು. ‘ಕೊನೆಗೆ ಎಷ್ಟಾಗಬಹುದು?’ ಎಂದರೆ ಖಚಿತ ಉತ್ತರ ಯಾರ ಬಳಿಯೂ ಇರಲಿಲ್ಲ.

ಆಗ ಮುಂದೆ ಬಂದವರಲ್ಲಿ ರಿಚರ್ಡ್ ಲ್ಯಾಮ್ ಎಂಬ ಯುವ ಶಾಸಕರೊಬ್ಬರು. ಅವರೂ ಅವರ ಸಂಗಡಿಗರೂ ಮನೆಮನೆ ತಿರುಗಿ ಸಹಿ ಕೂಡಿಸಿ ವಿಷಯವನ್ನು ಮತಪೆಟ್ಟಿಗೆಗೆ ತಂದರು. 1972ರ ನವೆಂಬರ್ 7ರಂದು, ನಿಕ್ಸನ್ ಎರಡನೆಯ ಸಲ ಅಧ್ಯಕ್ಷರಾಗಿ ಗೆದ್ದ ದಿನವೇ, ಕೊಲರಾಡೊ ಮತದಾರರಲ್ಲಿ ಶೇ 60ರಷ್ಟು ಮಂದಿ ಒಲಿಂಪಿಕ್ಸ್‌ಗೆ ರಾಜ್ಯದ ಬೊಕ್ಕಸದಿಂದ ಕಾಸೂ ಕೊಡಕೂಡದು ಎಂದರು. ಗಮನಿಸಿ, ‘ಒಲಿಂಪಿಕ್ಸ್ ಬೇಡ’ ಎಂದು ಆ ಮತಪತ್ರದಲ್ಲಿ ಇರಲಿಲ್ಲ. ನಮ್ಮ ತೆರಿಗೆ ಮುಟ್ಟಬೇಡಿ ಎಂದಷ್ಟೇ ಇತ್ತು. ಸುಮಾರು ಒಂದು ವಾರದಲ್ಲೇ ಡೆನ್ವರ್ ಹಿಂದೆ ಸರಿಯಿತು. ಕ್ರೀಡಾಕೂಟ ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ ಹೋಯಿತು. 1964ರಲ್ಲಿ ಒಮ್ಮೆ ನಡೆಸಿದ್ದ ಊರಾದ್ದರಿಂದ ಕ್ರೀಡಾಂಗಣಗಳು ಅಲ್ಲಿ ಸಿದ್ಧವಿದ್ದವು. ಲ್ಯಾಮ್ ಮುಂದಿನ ಚುನಾವಣೆಯಲ್ಲಿ ಗೆದ್ದು ಗವರ್ನರ್ ಆಗಿ ಹನ್ನೆರಡು ವರ್ಷ ಆಳಿದರು.

ಡೆನ್ವರ್‌ನವರು ಹೆದರುಪುಕ್ಕಲರೇ? ಅದೇ 1976ರಲ್ಲಿ ಬೇಸಿಗೆ ಒಲಿಂಪಿಕ್ಸ್ ನಡೆಸಿದ ಕೆನಡಾದ ಮಾಂಟ್ರಿಯಲ್ ಕಡೆ ನೋಡಿ. ಗಂಡಸು ಹೇಗೆ ಹೆರಲಾರನೋ ಹಾಗೆ ಒಲಿಂಪಿಕ್ಸ್ ನಷ್ಟವಾಗಲಾರದು ಎಂಬರ್ಥದ ಮಾತು ಅಲ್ಲಿಯ ಮೇಯರ್ ಜಾನ್ ದ್ರಾಪೊ ಅವರದು. ನಷ್ಟವಾಯಿತು, ಮೇಯರರನ್ನು ಬಸುರಿಯಾಗಿ ಬರೆದ ವ್ಯಂಗ್ಯಚಿತ್ರ ಮನೆಮಾತಾಯಿತು. ಸಾಲ ತೀರಿಸಲು ಕ್ವಿಬೆಕ್ ಪ್ರಾಂತ್ಯ ಸಿಗರೇಟಿನ ಮೇಲೆ ಪ್ರತ್ಯೇಕ ತೆರಿಗೆ ಹಾಕಿತು. ಸಾಲ ಮುಗಿದದ್ದು 2006ರಲ್ಲಿ, ಆಟ ಮುಗಿದ ಮೂವತ್ತು ವರ್ಷಕ್ಕೆ. ಆಟ ನಡೆದಾಗ ಹುಟ್ಟಿಯೇ ಇರದವನೂ ಅಂಗಡಿ ಮುಂದೆ ನಿಂತು ಬೀಡಿ-ಸಿಗರೇಟಿನ ಜೊತೆ ಒಲಿಂಪಿಕ್ಸ್ ಸಾಲವನ್ನು ತೀರಿಸಿದ. ‘ಯಾರದ್ದೋ ದುಡ್ಡು, ಯಲ್ಲಮ್ಮನ ಜಾತ್ರೆ’ ಎಂಬ ಗಾದೆಗೆ ಇಷ್ಟು ದೊಡ್ಡ ಉದಾಹರಣೆ ನನಗೆ ಬೇರೆ ತಿಳಿಯದು.

ನಮ್ಮ ಹಳ್ಳಿಗಳಲ್ಲಿ ಜಾತ್ರೆಗೆ ಮುಂಚೆ ಊರವರು ಕೂತು ಮನೆಗಿಷ್ಟು ವಂತಿಗೆ ಎಂದು ಗೊತ್ತುಮಾಡುತ್ತಾರೆ. ಜಗಳವಾಗುವುದಿದ್ದರೆ ಆ ದಿನವೇ ಆಗುತ್ತದೆ. ತೇರು ಎಳೆದಾದ ಮೇಲೆ ವಂತಿಗೆ ಹೇಳಿದರೆ ಊರಲ್ಲಿ ಏನಾದೀತು, ನೀವೇ ಊಹಿಸಿ. ಬ್ರೆಜಿಲ್‌ನಲ್ಲಿ ಆದದ್ದು ಹೆಚ್ಚುಕಡಿಮೆ ಅದೇ.

ಬ್ರೆಜಿಲ್ ಜನರಿಗೆ ಫುಟ್‌ಬಾಲ್ ಬೇಡವೆಂದು ಯಾರೂ ಹೇಳಲಾರರು. ಆದರೂ 2014ರ ವಿಶ್ವಕಪ್‌ಗೆ ಒಂದು ವರ್ಷ ಮುಂಚೆ, 2013ರ ಜೂನ್‌ನಲ್ಲಿ, ಆ ದೇಶದ ಬೀದಿಗಳು ತುಂಬಿಹೋದವು. ಕಿಡಿ ಹೊತ್ತಿದ್ದು ಸಾವೊ ಪಾಲೊದ ಬಸ್ ದರದಿಂದ: 3 ರಿಯಲ್ ಇದ್ದದ್ದು 3.20 ಆಗಿತ್ತು. ಒಂದೇ ದಿನ ದೇಶದಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೊರಬಂದರು. ಕೈಯಲ್ಲಿದ್ದ ಫಲಕಗಳಲ್ಲಿ ಒಂದು ಬೇಡಿಕೆ ಮತ್ತೆಮತ್ತೆ ಕಾಣುತ್ತಿತ್ತು: ‘ಫಿಫಾ ದರ್ಜೆಯ’ ಆಸ್ಪತ್ರೆ ಕೊಡಿ, ‘ಫಿಫಾ ದರ್ಜೆಯ’ ಶಾಲೆ ಕೊಡಿ. ಕ್ರೀಡಾಂಗಣದ ಕುರ್ಚಿ, ಹುಲ್ಲು, ಶೌಚಾಲಯ ಎಲ್ಲಕ್ಕೂ ವಿಶ್ವಕಪ್ ನಡೆಸುವ ಫಿಫಾ ಸಂಸ್ಥೆಯ ಗುಣಮಟ್ಟ ಬೇಕೆಂದು ಸರ್ಕಾರ ಓಡಾಡುತ್ತಿದ್ದಾಗ ಜನ ಕೇಳಿದ್ದು ಇಷ್ಟೇ. ಇದಕ್ಕಿಂತ ಮೊನಚಾದ ಘೋಷಣೆಯನ್ನು ನಾನು ಕಂಡಿಲ್ಲ.

ಅಲ್ಲೇ ಇನ್ನೊಂದು ಸಣ್ಣ ಜಗಳ ನಡೆಯಿತು, ನನಗೆ ಅದರ ಮೇಲೆಯೇ ಹೆಚ್ಚು ಪ್ರೀತಿ. ಸಾಲ್ವಡೊರ್ ನಗರದಲ್ಲಿ ಹೆಂಗಸರು ಬಿಳಿ ಲಂಗ ತೊಟ್ಟು, ತಲೆಗೆ ಬಟ್ಟೆ ಸುತ್ತಿ ಬೀದಿಬದಿ ಅಕರಾಜೆ ಮಾರುತ್ತಾರೆ. ಅದು ಅಲಸಂದೆ ಕಾಳನ್ನು ರುಬ್ಬಿ ತಾಳೆಎಣ್ಣೆಯಲ್ಲಿ ಕರಿಯುವ ತಿಂಡಿ, ನಮ್ಮ ಅಲಸಂದೆ ವಡೆಯ ದೂರದ ನೆಂಟ. ಪ್ರಾಯೋಜಕ ಕಂಪನಿಗಳ ಹಿತಕ್ಕಾಗಿ ಕ್ರೀಡಾಂಗಣದ ಸುತ್ತ ಬೇರೆಯವರ ಮಾರಾಟ ನಿಷಿದ್ಧ ಎಂಬುದು ಫಿಫಾ ನಿಯಮ. ತಲೆಮಾರುಗಳಿಂದ ಅಲ್ಲಿ ವಡೆ ಸುಡುತ್ತಿದ್ದವರು ಬುಟ್ಟಿ ಎತ್ತಿಕೊಂಡು ಬೀದಿಗಿಳಿದರು, ಕೊನೆಗೆ ಕ್ರೀಡಾಂಗಣದಲ್ಲೇ ಮಾರುವ ಅನುಮತಿ ಗಿಟ್ಟಿಸಿದರು.

ಕೇಳಿದಲ್ಲೆಲ್ಲ ಜನ ‘ಬೇಡ’ ಎನ್ನುತ್ತಾರೆಂದು ತಿಳಿಯಬೇಡಿ. ಒಲಿಂಪಿಕ್ಸ್ ಕೇಳುವ ವಿಷಯ ಮತಕ್ಕೆ ಬಂದಾಗ ಹ್ಯಾಂಬರ್ಗ್ 2015ರಲ್ಲಿ, ಕ್ಯಾಲ್ಗರಿ 2018ರಲ್ಲಿ ಒಲ್ಲೆ ಎಂದವು, ನಿಜ. ಆದರೆ ವ್ಯಾಂಕೂವರ್ 2003ರಲ್ಲಿ ಶೇ 64 ಮತಗಳಿಂದ ಹೂಂ ಅಂದಿತು. ಮ್ಯೂನಿಕ್ 2013ರಲ್ಲಿ ಬೇಡವೆಂದು, 2025ರಲ್ಲಿ ಬೇಕೆಂದಿತು. ಲಾಸ್ ಏಂಜಲೀಸ್ 1984ರಲ್ಲಿ ಬಹುಪಾಲು ಹಳೆಯ ಕ್ರೀಡಾಂಗಣಗಳಲ್ಲೇ ಆಡಿಸಿ, ಖಾಸಗಿ ಹಣದಲ್ಲೇ ನಡೆಸಿ ಇಪ್ಪತ್ತು ಕೋಟಿ ಡಾಲರ್‌ಗೂ ಹೆಚ್ಚು ಉಳಿಸಿತು. ಅಲ್ಲಿಯ ಮತದಾರರೂ ನಗರದ ಹಣಕ್ಕೆ ಮೊದಲೇ ಬೀಗ ಹಾಕಿದ್ದರು ಎಂಬುದನ್ನು ಆ ಯಶಸ್ಸು ಹೊಗಳುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ನಮ್ಮ ದೆಹಲಿಯ 2010ರ ಕಾಮನ್‌ವೆಲ್ತ್ ಕೂಟ ನಿಮಗೂ ನೆನಪಿದ್ದೀತು. ಆರಂಭಕ್ಕೆ ಎರಡು ವಾರವೂ ಇಲ್ಲದಾಗ ಮುಖ್ಯ ಕ್ರೀಡಾಂಗಣದ ಬಳಿ ಕಟ್ಟುತ್ತಿದ್ದ ಪಾದಚಾರಿ ಸೇತುವೆ ಕುಸಿಯಿತು. ಉದ್ಘಾಟನೆಯ ರಾತ್ರಿ ಸಂಘಟನಾ ಸಮಿತಿಯ ಮುಖ್ಯಸ್ಥ ಸುರೇಶ್ ಕಲ್ಮಾಡಿ ಮಾತಿಗೆ ನಿಂತರೆ ಪ್ರೇಕ್ಷಕರು ಕೂಗಿ ಗೇಲಿ ಮಾಡಿದರು. ಹತ್ತು ದಿನ ಕಳೆಯುವುದರೊಳಗೆ ಅದೇ ಕ್ರೀಡಾಂಗಣದಲ್ಲಿ 4x400 ಮೀಟರ್ ರಿಲೇಯಲ್ಲಿ ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಮತ್ತು ಅವರ ಮೂವರು ಜೊತೆಗಾರ್ತಿಯರು ಚಿನ್ನ ಗೆದ್ದಾಗ ಜನ ಎದ್ದು ಕುಣಿದರು. ಓಡಿದವರಿಗೆ ಚಪ್ಪಾಳೆ, ಓಡಿಸಿದವರಿಗೆ ಗೇಲಿ. ಎರಡೂ ಒಂದೇ ಜನರಿಂದ. ಮರುವರ್ಷ ಮಹಾಲೇಖಪಾಲರ ವರದಿ ಬಂದಾಗ ಒಟ್ಟು ಖರ್ಚು 18 ಸಾವಿರ ಕೋಟಿ ರೂಪಾಯಿ ದಾಟಿತ್ತು.

ಈಗ 2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದ್‌ಗೆ ಬಂದಿದೆ, 2036ರ ಒಲಿಂಪಿಕ್ಸ್‌ಗೂ ಭಾರತ ಅರ್ಜಿ ಹಾಕಿದೆ. ಕೊಲರಾಡೊದಲ್ಲಿ ಆದಂತೆ ಸಹಿ ಕೂಡಿಸಿ ಮತಕ್ಕಿಡುವ ಪದ್ಧತಿ ನಮ್ಮಲ್ಲಿಲ್ಲ. ಆದರೆ 2010ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಒಂದು ತೀರ್ಪು ಕೊಟ್ಟಿದೆ: ಭಾರತೀಯ ಒಲಿಂಪಿಕ್ ಸಂಸ್ಥೆಯೂ ಆ ವರ್ಷದ ಕಾಮನ್‌ವೆಲ್ತ್ ಕೂಟದ ಸಂಘಟನಾ ಸಮಿತಿಯೂ ಮಾಹಿತಿ ಹಕ್ಕು ಕಾಯ್ದೆಯಡಿ ಬರುತ್ತವೆ ಎಂದು. ಅರ್ಜಿ ಶುಲ್ಕ ಹತ್ತು ರೂಪಾಯಿ. ತಿಪಟೂರಿನಿಂದಲೂ ಹಾಕಬಹುದು.