ಸಿಲಿಂಡರಿನ ಘನಫಲ: ಬೈಕಿನ ಬ್ಲಾಕ್ ಆಯ್ಕೆಯ ಮೂಲಕ ಒಂದು ಮಾದರಿ ಪಾಠ

ಹತ್ತನೆಯ ತರಗತಿಯ ಮೇಲ್ಮೈ ವಿಸ್ತೀರ್ಣ ಮತ್ತು ಘನಫಲದ ಘಟಕಕ್ಕೆ ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠ ಯೋಜನೆಗಳಲ್ಲಿ ‘ಅನ್ವಯ’ದ ಕಲಂ ನೀರಿನ ತೊಟ್ಟಿ, ಬಾವಿ, ಐಸ್‌ಕ್ರೀಮ್ ಕೋನ್‌ಗಳಲ್ಲೇ ಮುಗಿದುಹೋಗುತ್ತದೆ. ವರ್ಷಗಟ್ಟಲೆ ಅದೇ ತೊಟ್ಟಿಯನ್ನು ನೋಡಿ ನನಗಂತೂ ಸಾಕಾಗಿದೆ. ತೊಟ್ಟಿಯಲ್ಲಿ ಎಷ್ಟು ಲೀಟರ್ ಹಿಡಿಯುತ್ತದೆ ಎಂದು ತಿಳಿದ ಮೇಲೆ ವಿದ್ಯಾರ್ಥಿ ತೀರ್ಮಾನಿಸಬೇಕಾದದ್ದು ಏನೂ ಉಳಿಯುವುದಿಲ್ಲ. ಉತ್ತರ ಬಂದ ಮೇಲೆಯೂ ಯೋಚನೆ ಮುಂದುವರಿಯಬೇಕಾದ ಒಂದು ಸಿಲಿಂಡರನ್ನು ಹುಡುಕಿ ನಾನು ಈ ಮಾದರಿ ಪಾಠ ನೀಡಿದೆ.

ಆ ಸಿಲಿಂಡರ್ ಯಮಹಾ ಆರ್‌ಎಕ್ಸ್ 100 ಬೈಕಿನ ಬ್ಲಾಕ್. 1985ರಿಂದ 1996ರವರೆಗೆ ನಮ್ಮ ದೇಶದಲ್ಲಿ ತಯಾರಾದ ಈ ಟೂ ಸ್ಟ್ರೋಕ್ ಬೈಕು ಇಂದಿಗೂ ಊರೂರಲ್ಲಿ ಓಡುತ್ತಿದೆ. ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿಸುವ ದಿನ ಬಂದಾಗ ಮಾಲೀಕನ ಮುಂದೆ ಎರಡು ದಾರಿ. ಕಂಪನಿ ಬ್ಲಾಕನ್ನೇ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸುವುದು ಒಂದು, ಹೆಚ್ಚು ಸಿ.ಸಿ. ಕೊಡುವ ದೊಡ್ಡ ಬೋರಿನ ಪರ್ಫಾರ್ಮೆನ್ಸ್ ಬ್ಲಾಕ್ ಕೂರಿಸುವುದು ಇನ್ನೊಂದು. ತರಗತಿಗೆ ನಾನು ಕೊಟ್ಟ ಪ್ರಶ್ನೆ ಇಷ್ಟೇ: ಯಾವುದನ್ನು ಹಾಕಿಸಬೇಕು, ಯಾರಿಗೆ?

ಗ್ಯಾರೇಜಿನಿಂದ ತಂದ ಹಳೆಯ ಬ್ಲಾಕನ್ನು ಮೇಜಿನ ಮೇಲಿಟ್ಟು, ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ಸ್ ಕೊಟ್ಟೆ. ಬಾಯಿಯ ಅಂಚಿನಲ್ಲಿ ಅಳೆದ ಮಕ್ಕಳು “50 ಮಿ.ಮೀ., ಸರಿಯಾಗೇ ಇದೆ ಮೇಡಂ” ಎಂದರು. ಒಳಗೆ ಉಗುರು ಜಾರಿಸಿ ನೋಡಲು ಹೇಳಿದೆ. ಬಾಯಿಯಿಂದ ಸ್ವಲ್ಪ ಕೆಳಗೆ ಉಗುರು ಒಂದು ಮೆಟ್ಟಿಲಿಗೆ ತಾಗಿತು. ಪಿಸ್ಟನ್ ರಿಂಗುಗಳು ಓಡಾಡುವ ಜಾಗ ಸವೆದಿರುತ್ತದೆ, ಅವು ಮುಟ್ಟದ ತುದಿ ಸವೆದಿರುವುದಿಲ್ಲ. ಶಾಲೆಯ ವರ್ನಿಯರ್‌ನ ಒಳದವಡೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಅದಕ್ಕಾಗಿಯೇ ಲೇತ್ ಅಂಗಡಿಯವರು ಬೋರ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಎರಡು ದಿಕ್ಕಿನಲ್ಲಿ ಅಳೆಯುತ್ತಾರೆ. ಈ ಹಂತಕ್ಕೆ ಹತ್ತು ನಿಮಿಷ ಹೋಯಿತು. ಹೋಗಲಿ ಎಂದೇ ಬಿಟ್ಟೆ. ಪುಸ್ತಕದ ಸಿಲಿಂಡರಿಗೆ ಒಂದೇ ವ್ಯಾಸ, ಸವೆದ ಸಿಲಿಂಡರಿಗೆ ಹಲವು ಎಂಬುದನ್ನು ಉಗುರಿನಷ್ಟು ಚೆನ್ನಾಗಿ ಕಪ್ಪುಹಲಗೆ ಹೇಳಲಾರದು.

ಲೆಕ್ಕ ಬೇಗ ಮುಗಿಯಿತು. ಈ ಎಂಜಿನ್ನಿನ ಬೋರ್ 50 ಮಿ.ಮೀ., ಪಿಸ್ಟನ್ ಚಲಿಸುವ ದೂರ, ಅಂದರೆ ಸ್ಟ್ರೋಕ್, ಅದೂ 50 ಮಿ.ಮೀ. ತ್ರಿಜ್ಯ 2.5 ಸೆಂ.ಮೀ., ಎತ್ತರ 5 ಸೆಂ.ಮೀ.; 22/7 × 6.25 × 5 = ಸುಮಾರು 98.2 ಘನ ಸೆಂ.ಮೀ. ‘ಸಿ.ಸಿ.’ ಎಂದರೆ ಘನ ಸೆಂಟಿಮೀಟರ್ ಎಂಬುದು ಅರ್ಧ ತರಗತಿಗೆ ಅಂದೇ ಹೊಳೆದದ್ದು. ಕಂಪನಿ ಬ್ಲಾಕನ್ನು 1 ಮಿ.ಮೀ. ಓವರ್‌ಸೈಜಿಗೆ ಬೋರ್ ಮಾಡಿಸಿದರೆ 102 ಸಿ.ಸಿ. ಚಿಲ್ಲರೆ. ಬೋರ್ 58 ಮಿ.ಮೀ. ಇರುವ ಬ್ಲಾಕ್ ಕೂರಿಸಿದರೆ 132 ಸಿ.ಸಿ.

“ವ್ಯಾಸ ನೂರಕ್ಕೆ 16 ತಾನೇ ಜಾಸ್ತಿ ಆಗಿದ್ದು? ಸಿ.ಸಿ. ಹೆಂಗೆ ಮೂವತ್ತೈದರ ಹತ್ರ ಏರ್ತು ಮೇಡಂ?” ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಸೂತ್ರದಲ್ಲಿ ತ್ರಿಜ್ಯಕ್ಕೆ ವರ್ಗ ಇದೆ, 1.16ರ ವರ್ಗ 1.3456. ನಾನು ಹೇಳಬೇಕೆಂದಿದ್ದನ್ನು ಅವಳ ಪಕ್ಕದವಳೇ ಹೇಳಿದಳು.

ಇಲ್ಲಿಗೆ ಮತ ಹಾಕಿಸಿದ್ದರೆ ಇಡೀ ತರಗತಿ ದೊಡ್ಡ ಬ್ಲಾಕಿನ ಪರವೇ. ಆಗ ಅದೇ ಘಟಕದ ಇನ್ನೊಂದು ಸೂತ್ರ ತೆಗೆದೆವು. ವಕ್ರ ಮೇಲ್ಮೈ ವಿಸ್ತೀರ್ಣ 78.6ರಿಂದ 91.1 ಚದರ ಸೆಂ.ಮೀ.ಗೆ ಏರುತ್ತದೆ, ಅಂದರೆ ನೂರಕ್ಕೆ 16 ಮಾತ್ರ. ಇಲ್ಲಿ ತ್ರಿಜ್ಯಕ್ಕೆ ವರ್ಗವಿಲ್ಲ. ಪ್ರತಿ ಹೊಡೆತಕ್ಕೆ ಉರಿಯುವ ಮಿಶ್ರಣ ಮೂರನೆಯ ಒಂದು ಭಾಗದಷ್ಟು ಹೆಚ್ಚು, ಶಾಖ ದಾಟಿಹೋಗುವ ಗೋಡೆ ಅದರ ಅರ್ಧದಷ್ಟೂ ಹೆಚ್ಚಲಿಲ್ಲ. ಗಾಳಿಯಿಂದ ತಣಿಯುವ ಎಂಜಿನ್ನಿಗೆ ಇದು ಸಣ್ಣ ಮಾತಲ್ಲ. ಪಿಸ್ಟನ್ನಿನ ತಲೆಯ ವಿಸ್ತೀರ್ಣವೂ 1.3456 ಪಟ್ಟು, ಒತ್ತಡ ಅಷ್ಟೇ ಇದ್ದರೂ ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಬೇರಿಂಗುಗಳ ಮೇಲಿನ ಬಲ ಅಷ್ಟು ಪಟ್ಟು. ಅವು ಮಾತ್ರ ಹಳೆಯವೇ. ಸಂಪೀಡನ ಅನುಪಾತ 7 ಇತ್ತು ಎಂದುಕೊಂಡು, ಹೆಡ್ಡಿನ ಒಳಜಾಗ ಬದಲಾಗದಿದ್ದರೆ ಎಷ್ಟಾಗುತ್ತದೆ ಎಂದು ಕೇಳಿದೆ: 6 × 1.3456ಕ್ಕೆ 1 ಕೂಡಿಸಿದರೆ 9 ದಾಟುತ್ತದೆ. ಹೆಡ್ಡನ್ನೂ ಬದಲಿಸದೆ ಬ್ಲಾಕ್ ಒಂದನ್ನೇ ಬದಲಿಸುವ ಹಾಗಿಲ್ಲ.

ಒಬ್ಬ ಹುಡುಗ ಮಾತ್ರ ಲೆಕ್ಕವನ್ನು ಎರಡೆರಡು ಸಲ ಬರೆದುಕೊಳ್ಳುತ್ತಿದ್ದ. ವಿಚಾರಿಸಿದಾಗ ತಿಳಿಯಿತು, ಅವರ ಮನೆಯಲ್ಲಿ ಇದೇ ಬೈಕು. ಬೆಳಿಗ್ಗೆ ಎರಡು ಕ್ಯಾನ್ ಹಾಲು ಡೈರಿಗೆ ಹೋಗುವುದು ಅದರ ಮೇಲೆ. ದೊಡ್ಡ ಬ್ಲಾಕ್ ಹಾಕಿಸಬೇಕೆಂದು ಅಣ್ಣನ ಹಟ, ಬೇಡವೆಂದು ಅಪ್ಪ. ವಾರದಿಂದ ಮಾತುಕತೆ ನಿಂತಿದೆ. ಆ ಮನೆಯ ಜಗಳಕ್ಕೆ ತೀರ್ಪು ಕೊಡುವುದು ನನ್ನ ಕೆಲಸವಲ್ಲ ಎಂದೇ ಹೇಳಿದೆ. ಆದರೆ ಅವನ ಗುಂಪು ಕೇಳಿದ ಪ್ರಶ್ನೆಯೇ ಅಂದಿನ ಚರ್ಚೆಯ ತಿರುಳಾಯಿತು: ಸಿ.ಸಿ. ಒಂದೇ ಇದ್ದರೆ ಎಳೆತವೂ ಒಂದೇನಾ? ಅಲ್ಲ. ಟೂ ಸ್ಟ್ರೋಕ್ ಬ್ಲಾಕಿನ ಗೋಡೆಯಲ್ಲಿ ಪೋರ್ಟ್ ಎಂಬ ಕಿಂಡಿಗಳಿರುತ್ತವೆ. ಹೊಗೆ ಹೋಗುವ ಕಿಂಡಿಯನ್ನು ಮೇಲಕ್ಕೆ ಉಜ್ಜಿ ಎತ್ತರಿಸಿದರೆ ಎಂಜಿನ್ ಹೆಚ್ಚು ವೇಗದಲ್ಲಿ ಸುತ್ತುವಾಗ ಶಕ್ತಿ ಹೆಚ್ಚುತ್ತದೆ, ನಿಧಾನವಾಗಿ ಸುತ್ತುವಾಗಿನ ಎಳೆತ ತಗ್ಗುತ್ತದೆ. ಪರ್ಫಾರ್ಮೆನ್ಸ್ ಎಂದು ಮಾರುವ ಬ್ಲಾಕುಗಳಲ್ಲಿ ಹೀಗೆ ಪೋರ್ಟ್ ಕೆಲಸ ಆದವೂ ಇವೆ. ರೇಸಿನವನಿಗೆ ಬೇಕಾದದ್ದು ಅದೇ. ಹಾಲಿನ ಕ್ಯಾನ್ ಹೊತ್ತು ಏರು ಹತ್ತುವವನಿಗೆ ಬೇಕಾದದ್ದು ಅದರ ಉಲ್ಟಾ. ಘನಫಲದ ಸೂತ್ರಕ್ಕೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಇನ್ನೆರಡು ಸಂಗತಿಗಳನ್ನು ನಾನೇ ಹೇಳಿದೆ. ಸ್ಲೀವಿನ ಕೆಳತುದಿ ಕ್ರ್ಯಾಂಕ್‌ಕೇಸಿನ ಬಾಯೊಳಗೆ ಇಳಿಯಬೇಕು. ಅದು ದಪ್ಪವಾದರೆ ಬಾಯಿಯನ್ನೂ ಕೊರೆಯಬೇಕು, ಮುಂದೆ ಕಂಪನಿ ಬ್ಲಾಕಿಗೆ ಮರಳಿದರೂ ಆ ಲೋಹ ಮರಳುವುದಿಲ್ಲ. ಜೊತೆಗೆ, ಆರ್.ಸಿ. ಪುಸ್ತಕದಲ್ಲಿ ಎಂಜಿನ್ನಿನ ಸಿ.ಸಿ. ನಮೂದಾಗಿರುತ್ತದೆ. ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಪ್ರಕರಣ ನಿಷೇಧಿಸುತ್ತದೆ. ರೇಸ್ ಟ್ರ್ಯಾಕಿನೊಳಗಷ್ಟೇ ಓಡುವ ಬೈಕಿನ ಮಾತು ಬೇರೆ.

ಈ ಪಾಠವನ್ನು ಎತ್ತಿಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು. ಬ್ಲಾಕನ್ನು ಸೀಮೆಎಣ್ಣೆಯಲ್ಲಿ ತೊಳೆಸಿ, ಒಣಗಿಸಿ ತನ್ನಿ. ಇಲ್ಲದಿದ್ದರೆ ಉತ್ತರ ಪುಸ್ತಕಗಳೆಲ್ಲ ಮಸಿ. ನಿಮಗೆ ಬೈಕಿನ ಜ್ಞಾನ ಕಡಿಮೆಯಿದ್ದರೆ ಮೊದಲು ಮೆಕ್ಯಾನಿಕ್ ಹತ್ತಿರ ಒಂದು ಸಂಜೆ ಕುಳಿತು ಬನ್ನಿ. ಬೈಕಿನ ಮಾತು ಬಂದರೆ ಹುಡುಗರು ಮೇಲುಗೈ ಸಾಧಿಸುತ್ತಾರೆ, ಆದ್ದರಿಂದ ಪ್ರತಿ ಗುಂಪಿನಲ್ಲೂ ಅಳತೆಯ ಕೆಲಸವನ್ನು ಹುಡುಗಿಯರಿಗೆ ಕೊಡಿ. ಎರಡು ಅವಧಿ ಬೇಕು. ಒಂದರಲ್ಲಿ ಮುಗಿಸಲು ಹೊರಟರೆ ಲೆಕ್ಕ ಉಳಿದು ತೀರ್ಮಾನ ಬಿಟ್ಟುಹೋಗುತ್ತದೆ.

ಮೌಲ್ಯಮಾಪನಕ್ಕೆ ಐದು ಅಂಕ ಇಟ್ಟಿದ್ದೆ: ಎರಡು ಘನಫಲಗಳಿಗೆ ಎರಡು, ಮೇಲ್ಮೈ ಹೋಲಿಕೆಗೆ ಒಂದು, ಆಯ್ಕೆಯ ಕಾರಣಕ್ಕೆ ಎರಡು. ಕಾರಣದಲ್ಲಿ ಲೆಕ್ಕದಿಂದ ಬಂದ ಒಂದು ಸಂಖ್ಯೆಯಾದರೂ ಇರಬೇಕೆಂಬುದೊಂದೇ ನಿಯಮ. ಹಾಲಿನ ಬೈಕಿಗೆ ಕಂಪನಿ ಬ್ಲಾಕೇ ಸಾಕು ಎಂದು ಬರೆದ ಗುಂಪಿಗೂ, ಟ್ರ್ಯಾಕಿನ ಬೈಕಿಗೆ 58ರ ಬ್ಲಾಕು, ಅದಕ್ಕೆ ಹೊಂದುವ ಹೆಡ್ಡು, ಹೊಸ ಬೇರಿಂಗು ಎಲ್ಲ ಬೇಕೆಂದು ಬರೆದ ಗುಂಪಿಗೂ ಪೂರ್ಣ ಅಂಕ ಸಿಕ್ಕಿತು. ‘ದೊಡ್ಡದು ಚೆನ್ನಾಗಿರುತ್ತದೆ’ ಎಂದಷ್ಟೇ ಬರೆದವರಿಗೆ ಮೂರು.